ಕಾಕಾನ ತೂಗಾಟಕ್ಕೆ ಮನೆಮಂದಿಯ ಮದ್ದು

ಔಷಧ ಅಂಗಡಿ ಇಟ್ಟವನಿಗೆ ನಗು ಪುಕ್ಕಟೆ. ಗಜೇಂದ್ರಗಡದ ನನ್ನ ಅಂಗಡಿಗೆ ದಿನಕ್ಕೊಂದಾದರೂ ತಮಾಷೆ ತಾನಾಗಿ ಮೆಟ್ಟಿಲೇರಿ ಬರುತ್ತದೆ. ಆದರೆ ನಕ್ಕ ಮೇಲೆ ನನಗೆ ಕೈಮುಗಿಯಬೇಕು ಅನ್ನಿಸಿದ್ದು ನಮ್ಮ ಓಣಿಯ ನೇಕಾರ ಕಾಕಾನ ಮನೆಯವರನ್ನು ಕಂಡು ಮಾತ್ರ.

ಕಾಕಾಗೆ ಪಾರ್ಕಿನ್ಸನ್. ಕೈಕಾಲು ಬಿಗಿದು ಮಗ್ಗಕ್ಕೆ ಕೂರುವುದೇ ನಿಂತಿತ್ತು. ಹುಬ್ಬಳ್ಳಿಯ ಡಾಕ್ಟರು ಕೊಟ್ಟ ಗುಳಿಗೆಯಿಂದ ಮತ್ತೆ ಕೂತರು. ನಾಲ್ಕೈದು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಗುಳಿಗೆ ನುಂಗಿ ತಾಸಾಗುತ್ತಲೇ ಕೊರಳು, ಭುಜ ತಾವಾಗಿಯೇ ತೂಗತೊಡಗಿದವು. ಅದು ಗುಳಿಗೆಯದೇ ಅಡ್ಡಪರಿಣಾಮ. ಅತ್ತ ಬಸುರಿ ಮೊಮ್ಮಗಳ ಸೀಮಂತ, ನಮ್ಮ ಕಡೆಯ ಕುಬಸ, ಹತ್ತಿರ ಬಂದಿತ್ತು. ಅವಳಿಗೆ ಉಡಿಸುವ ಹಸಿರು ಸೀರೆ ತಾನೇ ನೇಯಬೇಕೆಂದು ಕಾಕಾನ ಹಟ.

೧. ಎಣ್ಣೆ ಗುಳಿಗೆ

ಕಾಕಾನ ಹೆಂಡತಿ ಕಾಕು ಅಂಗಡಿಗೆ ಬಂದರು. "ತಮ್ಮಾ, ತೂಗಾಟಕ್ಕ ಯಾವದೋ ಎಣ್ಣಿ ಗುಳಿಗಿ ಬರ್ತೈತಂತಲ್ಲ, ಕೊಡು."

"ಅದು ಮೀನಿನ ಎಣ್ಣಿರಿ ಕಾಕು. ಅದ್ರಿಂದ ತೂಗಾಟ ನಿಲ್ತೈತಿ ಅಂತ ನಾ ಹೇಳಂಗಿಲ್ಲ ಮತ್ತ."

ತತ್ತಿಯನ್ನೂ ಮುಟ್ಟದ ಮನೆತನ. ಕಾಕು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಕೆರಿ ಮೀನೋ, ಸಮುದ್ರದ್ದೋ?"

"ಸಮುದ್ರದ್ದು."

"ಹಂಗಾರ ನಡೀತೈತಿ, ಕೊಡು. ನಮ್ಮ ಮನಿದೇವ್ರು ಸಮುದ್ರ ನೋಡಿಲ್ಲ."

೨. ಬೇಲಿಯ ಕಾಯಿ

ಮೀನಿನ ಎಣ್ಣೆ ಸೋತಿತು. ಆಗ ಕಾಕುವಿನ ತಮ್ಮ ಲಕ್ಕಲಕಟ್ಟಿಯಿಂದ ಒಂದು ಚೀಲ ನಸುಗುನ್ನಿ ಕಾಯಿ ತಂದ. ಬೀಜದ ಪುಡಿ ಈ ರೋಗಕ್ಕೆ ಒಳ್ಳೆಯದೆಂದು ಮೊಬೈಲಿನಲ್ಲಿ ನೋಡಿದ್ದನಂತೆ. ಆ ಕಾಯಿಯ ಮೇಲಿನ ಕೂದಲು ತಾಗಿದರೆ ಮೈಯೆಲ್ಲ ತುರಿಕೆ ಎಂಬುದು ಎಲ್ಲರಿಗೂ ಗೊತ್ತು. ಆದರೂ ಪ್ರೀತಿಯ ಭರದಲ್ಲಿ ಫ್ಯಾನಿನ ಕೆಳಗೇ ಕೂತು ಬಿಡಿಸಿದರು!

ನಾನು ಮುಲಾಮು ಹಿಡಿದು ಓಡಿದಾಗ ಕಾಕು, ತಮ್ಮ, ಸೊಸೆ ಎಲ್ಲರೂ ಮೈ ಪರಚಿಕೊಂಡು ಕುಣಿಯುತ್ತಿದ್ದರು. ಕಾಕಾ ಮಾತ್ರ ಹೊರಗಿನ ಕಟ್ಟೆಯ ಮೇಲೆ.

"ನೋಡಪಾ," ಅಂದರು, "ಇವತ್ತ ನಮ್ಮ ಮನ್ಯಾಗ ಅಳ್ಳಾಡದ ಕುಂತಾಂವ ನಾನೊಬ್ಬನ."

೩. ಹಸಿರು ಸೀರೆ

ಮನೆಯವರು ಹುಬ್ಬಳ್ಳಿಯ ಡಾಕ್ಟರಿಗೆ ಫೋನು ಮಾಡಿದರೆ ಚೆನ್ನಾಗಿ ಬೈದರು. "ಆ ಬೀಜದಾಗೂ ನಿಮ್ಮ ಗುಳಿಗಿಯೊಳಗಿನ ಔಷಧನ ಐತ್ರಿ! ಎರಡೂ ಕೂಡಿದ್ರ ತೂಗಾಟ ಹೆಚ್ಚಾಕ್ಕಿತ್ತು. ಕೇಳದ ಏನೂ ಕೊಡಬ್ಯಾಡ್ರಿ." ಗುಳಿಗೆಯ ಪ್ರಮಾಣ, ಹೊತ್ತು ಎರಡನ್ನೂ ಬದಲಿಸಿದರು. ತೂಗಾಟ ತಗ್ಗಿತು, ಪೂರ್ತಿ ಹೋಗಲಿಲ್ಲ.

ಕಾಕಾ ಅದರಲ್ಲೇ ಮಗ್ಗಕ್ಕೆ ಕೂತರು. ಒಂದು ಮಧ್ಯಾಹ್ನ ಹೋಗಿ ನೋಡಿದೆ. ಕೊರಳು ಒಂದು ಕಡೆ, ಭುಜ ಇನ್ನೊಂದು ಕಡೆ ತೂಗುತ್ತಿವೆ. ನೂಲಿನ ಲಾಳಿ ಮಾತ್ರ ಒಂದೆಳೆಯನ್ನೂ ಕಡಿಯದೆ ಓಡುತ್ತಿದೆ. ಬೆರಗಾಗಿ ಬಾಗಿಲಲ್ಲೇ ನಿಂತೆ. ಇಷ್ಟು ವರ್ಷ ಗುಳಿಗೆ ಮಾರಿದವನಿಗೆ ಕಣ್ಣು ತುಂಬಿ ಬಂತು.

ಕುಬಸದ ಹಿಂದಿನ ದಿನ ಸೀರೆ ಮುಗಿಯಿತು. ಬಿಚ್ಚಿ ನೋಡಿ ಕಾಕಾನ ಮುಖ ಬಾಡಿತು. ತೂಗಾಟದ ಹೊತ್ತಿನಲ್ಲಿ ಎಳೆ ಒತ್ತುವ ಮಗ್ಗದ ಪೆಟ್ಟು ಹೆಚ್ಚುಕಡಿಮೆ ಬಿದ್ದು, ನೇಯ್ಗೆ ಒಂದು ಕಡೆ ಒತ್ತಾಗಿ, ಒಂದು ಕಡೆ ತೆಳುವಾಗಿತ್ತು.

"ಇದನ್ನ ಉಡಸಬ್ಯಾಡ್ರಿ, ಬೀಗರು ನಗ್ತಾರ."

ಮೊಮ್ಮಗಳು ಕೇಳಲಿಲ್ಲ. ಅದನ್ನೇ ಉಟ್ಟು ಆರತಿಗೆ ಕೂತಳು.

ಅವಳ ಅತ್ತೆ ಸೆರಗನ್ನು ಬೆಳಕಿಗೆ ಹಿಡಿದು ನೋಡಿದರು. ಕಾಕಾ ತಲೆ ತಗ್ಗಿಸಿದರು.

"ಬೀಗರ, ಗಾಳಿಗೆ ಜ್ವಾಳದ ಹೊಲ ತೂಗಿದಂಗ ಐತೆಲ್ರಿ! ಇಂಥಾದು ಎಲ್ಲೂ ನೋಡಿಲ್ಲ. ನನಗೂ ಒಂದು ನೇದು ಕೊಡ್ರಿ."

ಕಾಕಾ ಮೆಲ್ಲಗೆ ತಲೆ ಎತ್ತಿದರು.

"ಕೊಡಬೌದಿತ್ರಿ. ಆದ್ರ ಈ ಡಿಜೈನು ಡಾಕ್ಟರ್ ಚೀಟಿ ಇಲ್ದ ಸಿಗಂಗಿಲ್ರಿ."