ಸೆರಗಿಗೆ ಬಂದ ತಿಮಿಂಗಿಲ

ಸೀರೆಯ ಸೆರಗಿನಲ್ಲಿ ನವಿಲಿರಬೇಕು, ಮಾವಿನಕಾಯಿಯಿರಬೇಕು, ಬಹಳವೆಂದರೆ ಆನೆಯಿರಬೇಕು ಎಂದು ಕಾನೂನು ಮಾಡಿದವರು ಯಾರು? ಬನಹಟ್ಟಿಯ ಮನೆಯಲ್ಲಿ ಎರಡು ಮಗ್ಗ ಇಟ್ಟುಕೊಂಡಿರುವ ನಾನು ಇಷ್ಟು ವರ್ಷ ನವಿಲನ್ನೇ ನೇಯ್ದೆ. ನವಿಲಿಗೂ ಬೇಸರ ಬಂದಿರಬೇಕು. ಅಷ್ಟರಲ್ಲಿ ಹೆಂಡತಿ ಶಾಂತಾಳ ಜೊತೆ ಗೋಕರ್ಣಕ್ಕೆ ಹೋದೆ. ಬೀಳಗಿಯ ಕಡೆ ಕೃಷ್ಣೆಯ ಹಿನ್ನೀರು ಕಂಡವನು ನಾನು. ಸಮುದ್ರವೆಂದರೆ ಅದರ ಅಣ್ಣನಿರಬಹುದು ಎಂದುಕೊಂಡು ಧೈರ್ಯವಾಗಿ ನಿಂತೆ. ಮೊದಲನೆಯ ತೆರೆಯೇ ನನ್ನನ್ನು ಅಂಗಾತ ಕೆಡವಿ, ಒಂದು ಚಪ್ಪಲಿ ಕಸಿದುಕೊಂಡು ಹೋಯಿತು. ಬಾಯಿ ತುಂಬ ಉಪ್ಪುನೀರು, ಮನಸ್ಸು ತುಂಬ ಭಕ್ತಿ. ಇಂಥ ನೀರಿನಲ್ಲಿ, ನಾಲಿಗೆಯೇ ಒಂದು ಆನೆಯ ತೂಕವಿರುವ ಪ್ರಾಣಿ ಆರಾಮಾಗಿ ಓಡಾಡಿಕೊಂಡಿದೆ ಎಂದು ಓದಿದ ಮೇಲಂತೂ ನವಿಲಿನ ಮುಖ ನೋಡುವುದೇ ಕಷ್ಟವಾಯಿತು.

ಮಗ್ಗಕ್ಕೆ ಚಿತ್ತಾರ ಹೇಳಿಕೊಡುವ ಜಕಾರ್ಡಿನ ರಟ್ಟುಗಳಿಗೆ ಹೊಸದಾಗಿ ತೂತು ಹೊಡೆಸಿ, ನೇರಳೆ ನೂಲಿನಲ್ಲಿ ಬಾಲವೆತ್ತಿದ ತಿಮಿಂಗಿಲಗಳನ್ನು ಸೆರಗಿಗೆ ತಂದೆ. ನೀರಿನ ನೆನಪಿಗಿರಲಿ ಎಂದು ಬಾಲಕ್ಕೆ ಮಾತ್ರ ಹಸಿರು ಎಳೆ ಕೊಟ್ಟೆ. ಅದು ನನ್ನ ಸ್ವಂತ ಬುದ್ಧಿವಂತಿಕೆ. ನಮ್ಮ ಸೀರೆ ಒಯ್ಯುವ ಮಹಾಲಿಂಗಪುರದ ವ್ಯಾಪಾರಿ ಬಂದು ಸೆರಗು ಹರವಿ ನೋಡಿದ.

"ಬದನಿಕಾಯಿ ಭಾರೀ ಬಂದಾವ್ ಬಿಡ್ರಿ ಕಾಕಾ!"

"ಬದನಿಕಾಯಿ ಅಲ್ಲೋ, ತಿಮಿಂಗಿಲ!"

"ಮೀನೇನ್ರಿ? ನಮ್ಮ ಮಂದಿ ಮೀನಿನ ಸೀರಿ ಉಡ್ತಾರೇನ್ರಿ? ಬದನಿಕಾಯಿ ಅಂದ್ಬಿಡ್ರಿ, ಇದ್ದಷ್ಟೂ ಒಯ್ತೇನಿ."

"ಮೀನಲ್ಲೋ ಅದು. ಮರಿಗೆ ಹಾಲು ಕುಡಿಸ್ತೈತಿ."

"ನಮ್ಮ ಎಮ್ಮಿನೂ ಕುಡಿಸ್ತೈತ್ರಿ. ಅದನ್ನ ಸೆರಗಿನ್ಯಾಗ ಹಾಕ್ತಾರೇನು?"

ಒಳಗಿನಿಂದ ಶಾಂತಾ ಬಂದಳು. "ಬದನಿಕಾಯಿ ಅಂದ್ರ ನಿಮ್ಮ ಗಂಟೇನ್ ಹೋಗ್ತೈತ್ರಿ? ನೂಲಿಲ್ದ ಮಗ್ಗ ನಿಂತಾವು. ಸಮುದ್ರ ಬಂದು ಕೇಳ್ತೈತೇನು?"

ಅವಳು ಹೇಳಿದ್ದು ಖರೆ. ಆ ಸೀರೆಗಳು ಹೋಗದಿದ್ದರೆ ಹೊಸ ನೂಲು ಬರುವಂತಿರಲಿಲ್ಲ. ಆದರೆ ನನ್ನನ್ನು ಒಂದೇ ಏಟಿಗೆ ಕೆಡವಿದ ಸಮುದ್ರದ ಅತಿ ದೊಡ್ಡ ಜೀವವನ್ನು ಎಣ್ಣೆಗಾಯಿ ಮಾಡಲು ಒಪ್ಪಲೇ? "ಒಯ್ಯೂದಿದ್ರ ತಿಮಿಂಗಿಲ ಅಂತ ಒಯ್ಯಿ, ಇಲ್ಲಾ ಬಿಡು" ಎಂದೆ. ಬಿಟ್ಟ. ಎಂಟು ದಿನ ಮಗ್ಗವೂ ಮಾತಾಡಲಿಲ್ಲ, ಶಾಂತಾಳೂ ಮಾತಾಡಲಿಲ್ಲ.

ಆಮೇಲೆ ಮುಧೋಳದಲ್ಲಿ ಬಳಗದ ಬಸುರಿ ಹುಡುಗಿಯ ಸೀಮಂತ, ನಮ್ಮ ಕಡೆಯ ಕುಬಸ, ಬಂತು. ಮನೆಯಲ್ಲಿ ಕೊಳೆಯುವುದಕ್ಕಿಂತ ಮೈಮೇಲಿರಲಿ ಎಂದು ಶಾಂತಾ ಅದೇ ಸೀರೆ ಉಟ್ಟಳು. ಅಲ್ಲಿ ಒಬ್ಬ ಹಿರಿಯಳು ಸೆರಗು ಹಿಡಿದು, "ಬದನಿಕಾಯಿ ಚಂದ ಅದಾವಲ್ಲ ಬೇ" ಎಂದಳು. ಬಾಗಿಲ ಬಳಿ ನಿಂತಿದ್ದ ನಾನು ಶಾಂತಾಳ ಮುಖ ನೋಡಿದೆ.

"ಬದನಿಕಾಯಿ ಅಲ್ರಿ ಯಕ್ಕಾ, ತಿಮಿಂಗಿಲ" ಎಂದಳು ಶಾಂತಾ. "ಜಗತ್ತಿನ್ಯಾಗ ಇಕಿಗಿಂತ ದೊಡ್ಡ ತಾಯಿ ಇಲ್ಲ. ನಡು ಸಮುದ್ರದಾಗ ಕೂಸಿಗೆ ಮೊಲಿ ಕುಡಿಸ್ತಾಳ."

ಬಸುರಿ ಹುಡುಗಿ ಸೆರಗನ್ನು ಕೈಯಲ್ಲಿ ಹಿಡಿದವಳು ಬಿಡಲೇ ಇಲ್ಲ. ನನ್ನ ಕಣ್ಣು ತುಂಬಿ ಬಂತು. ವಾರದೊಳಗೆ ಹೆಂಗಸರು ಮನೆಗೇ ಹುಡುಕಿಕೊಂಡು ಬಂದು ಸೀರೆಗಳನ್ನೆಲ್ಲ ಒಯ್ದರು. ನೂಲು ಬಂತು, ಮಗ್ಗಗಳು ಸದ್ದು ಮಾಡಿದವು.

ಈಗ ರಬಕವಿ-ಬನಹಟ್ಟಿಯಲ್ಲಿ ಯಾರನ್ನು ಕೇಳಿದರೂ ಅದು ತಿಮಿಂಗಿಲ. ಆ ವ್ಯಾಪಾರಿಯೂ ಹಾಗೇ ಅನ್ನುತ್ತಾನೆ. ತೊಂದರೆಯಾಗಿರುವುದು ನನಗೆ. ಗೆದ್ದ ಖುಷಿಯಲ್ಲಿ ಮೊನ್ನೆ ಮಗ್ಗದ ಮುಂದೆ ನಿಂತು, ಮೊದಲ ಸಲ ಹಠ ಬಿಟ್ಟು ಸೆರಗನ್ನು ನೋಡಿದೆ. ಬದನೆಕಾಯಿ. ತೊಟ್ಟಿನ ಸಮೇತ. ಎಷ್ಟು ಕಣ್ಣುಜ್ಜಿಕೊಂಡರೂ ಬದನೆಕಾಯಿಯೇ.

"ಏನ್ ಹಂಗ ನೋಡಾಕತ್ತೀರಿ?" ಎಂದಳು ಶಾಂತಾ.

"ತಿಮಿಂಗಿಲ" ಎಂದೆ, ಜೋರಾಗಿ.