ಸಮುದ್ರಕ್ಕೆ ಟಿಕೆಟ್ ಇಲ್ಲ

ಮದ್ದೂರಿನಿಂದ ಟೂರ್ ವ್ಯಾನು ಓಡಿಸಲು ಶುರು ಮಾಡಿ ಇಪ್ಪತ್ತೆರಡು ವರ್ಷವಾಯಿತು. ಸಿಟ್ಟು ಮಾಡಿಕೊಳ್ಳದೆ ಮನೆಗೆ ವಾಪಸು ಬಂದ ಟ್ರಿಪ್ಪು ಒಂದೂ ಇಲ್ಲ. ಬಿ.ಪಿ. ನೋಡುವ ಡಾಕ್ಟರು ಪ್ರತಿ ಸಲವೂ ಕೋಪ ಕಡಿಮೆ ಮಾಡಿಕೊಳ್ಳಿ ಅನ್ನುತ್ತಾರೆ. ಸಾರ್, ಒಂದು ಸಲ ನನ್ನ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು ಬನ್ನಿ, ಆಮೇಲೆ ಇಬ್ಬರೂ ಮಾತ್ರೆ ಹಂಚಿಕೊಂಡು ನುಂಗೋಣ ಅಂತ ನಾನೂ ಪ್ರತಿ ಸಲ ಹೇಳುತ್ತೇನೆ.

ಹೋದ ಚಳಿಗಾಲದಲ್ಲಿ ಆ ಸೀಟಿನಲ್ಲಿ ಕೂತವರು ಯಲಿಯೂರಿನ ಒಬ್ಬರು ರಿಟೈರ್ಡ್ ಹೆಡ್‌ಮೇಷ್ಟ್ರು. ಮನೆ ಕಡೆಯ ಒಂಬತ್ತು ಜನರನ್ನು ಹತ್ತಿಸಿಕೊಂಡು ಕರಾವಳಿಯ ಒಂದು ಮೀನುಗಾರರ ಊರಿಗೆ ಹೊರಟಿದ್ದರು. ಫೋನಿನಲ್ಲಿ ವಿಡಿಯೋ ನೋಡಿ ನೋಡಿ, ಆ ಊರಿನಲ್ಲಿ ಕಾಸು ಬಿಚ್ಚದೆ ಏನೇನು ನೋಡಬಹುದು ಅಂತ ದುಂಡಗೆ ಪಟ್ಟಿ ಬರೆದುಕೊಂಡಿದ್ದರು. ಏಳನೇ ಕ್ಲಾಸಿನಲ್ಲಿ ನನಗೆ ಸಮಾಜ ಪಾಠ ಹೇಳಿದವರೂ ಅವರೇ. ಹಾಗಾಗಿ ಎದುರು ಮಾತಾಡುವ ಹಾಗಿರಲಿಲ್ಲ. ಇಡೀ ವ್ಯಾನಿನಲ್ಲಿ ಅವರಿಗೆ ಹೆದರದಿದ್ದವರು ಒಬ್ಬರೇ, ಅವರ ಅಕ್ಕ. ಮಳವಳ್ಳಿಗೆ ಮದುವೆಯಾಗಿ ಹೋದವರು, ಎಪ್ಪತ್ತು ದಾಟಿದೆ, ಅಲ್ಲಿಯವರೆಗೆ ಸಮುದ್ರ ಕಂಡವರಲ್ಲ. ನಾನೂ ಅವರನ್ನು ಅಕ್ಕ ಅಂತಲೇ ಕರೆಯುತ್ತಿದ್ದೆ.

ಸೂರ್ಯೋದಯ

ಪಟ್ಟಿಯಲ್ಲಿ ಮೊದಲು ಬರೆದಿದ್ದದ್ದು ಸಮುದ್ರದಲ್ಲಿ ಸೂರ್ಯ ಹುಟ್ಟುವುದನ್ನು ನೋಡುವುದು. ನಾವು ಆ ಊರು ತಲುಪಿದ ಸಂಜೆಯೇ ನಾನು, ಸಾರ್, ಈ ಕಡೆ ಸಮುದ್ರದಲ್ಲಿ ಮುಳುಗೋದು ಕಾಣುತ್ತೆ, ಹುಟ್ಟೋದು ಕಾಣಲ್ಲ ಅಂದೆ. ಮೇಷ್ಟ್ರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಸಮಾಜದಲ್ಲಿ ನಿನಗೆ ಎಷ್ಟು ಬಂದಿತ್ತು, ನೆನಪಿದ್ಯಾ?"

ಹದಿನೆಂಟು ಬಂದಿತ್ತು. ನೂರಕ್ಕೆ.

ಬೆಳಗಿನ ಐದೂವರೆಗೆ ಎಲ್ಲರನ್ನೂ ಎಬ್ಬಿಸಿ, ತಣ್ಣನೆಯ ಮರಳಿನ ಮೇಲೆ ಸಮುದ್ರದ ಕಡೆ ಮುಖ ಮಾಡಿಸಿ ಸಾಲಾಗಿ ಕೂರಿಸಿದರು. ಆರಾಯಿತು, ಆರೂವರೆ ಆಯಿತು, ಬೆಳ್ಳಗೆ ಬೆಳಕೂ ಆಯಿತು. ಮೋಡ ಅಡ್ಡ ಬಂದಿದೆ ಅಂತ ಮೇಷ್ಟ್ರು ಹೇಳುತ್ತಲೇ ಇದ್ದರು. ನನಗೆ ಒಳಗೊಳಗೇ ಉರಿಯುತ್ತಿತ್ತು, ಆದರೆ ಹದಿನೆಂಟು ತೆಗೆದವನು ಏನು ಹೇಳಿಯಾನು? ಏಳೂವರೆಯ ಹೊತ್ತಿಗೆ ಅಕ್ಕ ಕುತ್ತಿಗೆ ಮುಟ್ಟಿ ನೋಡಿಕೊಂಡರು, ಹಿಂದೆ ತಿರುಗಿ ತೆಂಗಿನ ಮರಗಳ ಕಡೆ ನೋಡಿದರು, ಆಮೇಲೆ ಸಮಾಧಾನವಾಗಿ ಹೇಳಿದರು:

"ಲೇ ತಮ್ಮ, ಬಿಸ್ಲು ಬೆನ್ನಿಗೆ ಬೀಳ್ತಾದೆ ಕಣ್ಲಾ. ಅಷ್ಟು ವರ್ಸ ಆ ಮಕ್ಕಳಿಗೆ ಯಾವ ದಿಕ್ಕು ಯೇಳ್ಕೊಟ್ಟೆ ನೀನು?"

ಪುಕ್ಕಟೆ ಪಾಠ

ಅದೇ ಸಿಟ್ಟಿನಲ್ಲಿ ಮೇಷ್ಟ್ರು ನಮ್ಮನ್ನು ಬಂದರಿಗೆ ಎಳೆದುಕೊಂಡು ಹೋದರು. ದೋಣಿಗಳು ಬಂದು ಮೀನು ಇಳಿಸುವುದನ್ನು ನಿಂತು ನೋಡಬಹುದು, ಯಾರೂ ದುಡ್ಡು ಕೇಳುವುದಿಲ್ಲ. ನೋಡಿಕೊಂಡು ಬಂದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಮೇಷ್ಟ್ರು ಒಬ್ಬ ಮೀನು ಮಾರುವ ಹೆಂಗಸಿನ ಮುಂದೆ ನಿಂತು, ಪೆನ್ನಿನ ತುದಿಯಲ್ಲಿ ಒಂದೊಂದೇ ಮೀನನ್ನು ತಿವಿಯುತ್ತಾ ಇದೇನು, ಇದೇನು ಅಂತ ಕೇಳತೊಡಗಿದರು. ಆಕೆ ಪಾಪ, ಬಂಗುಡೆ, ಕಾಣೆ, ಅಂಜಲ್ ಅಂತ ಹೇಳುತ್ತಾ ಹೋದಳು. ಇವರು ಬರೆದುಕೊಂಡರು. ಆಮೇಲೆ ಯಾವುದಕ್ಕೆ ಮುಳ್ಳು ಹೆಚ್ಚು, ಯಾವುದು ಸಾರಿಗೆ, ಯಾವುದು ಹುರಿಯೋಕೆ. ಹಿಂದೆ ನಿಜವಾದ ಗಿರಾಕಿಗಳು ಬುಟ್ಟಿ ಹಿಡಿದು ಕಾಯುತ್ತಿದ್ದರು. ಹನ್ನೊಂದನೇ ಮೀನಿಗೆ ಆಕೆಯ ತಾಳ್ಮೆ ಮುಗಿಯಿತು.

"ಪಾಠ ಆಯ್ತಲ್ಲ ಮಾರಾಯ್ರೆ, ಇನ್ನು ಫೀಸು ಕೊಡಿ" ಅಂತ ನಾಲ್ಕು ಬಂಗುಡೆ ಕವರಿಗೆ ಹಾಕಿ ಕೈಯಲ್ಲಿ ಇಟ್ಟೇಬಿಟ್ಟಳು.

ಜನರೆಲ್ಲ ನೋಡುತ್ತಿದ್ದರು. ಮೇಷ್ಟ್ರು ದುಡ್ಡು ಕೊಡಲೇಬೇಕಾಯಿತು. ದುಡ್ಡು ಕೊಟ್ಟ ಮೇಲೆ ಎಸೆಯಲು ಮನಸ್ಸು ಬರಲಿಲ್ಲ. ನಾವು ಇಳಿದುಕೊಂಡಿದ್ದ ಕಡೆ ಅಡುಗೆ ಮಾಡುವಂತಿಲ್ಲ. ವ್ಯಾನಿನ ಒಳಗೆ ಇಡಲು ನಾನು ಬಿಡಲಿಲ್ಲ. ಕೊನೆಗೆ ಹಿಂದಿನ ಏಣಿಗೆ ಕಟ್ಟಿದರು, ಗಾಳಿ ಆಡಲಿ ಅಂತ. ಮಧ್ಯಾಹ್ನದ ಹೊತ್ತಿಗೆ ನಮ್ಮ ಕಣ್ಣೆದುರೇ ಒಂದು ಹದ್ದು ಬಂದು ಕವರು ಸಮೇತ ಹೊತ್ತುಕೊಂಡು ಹೋಯಿತು.

ಮೇಷ್ಟ್ರು ನನ್ನ ಭುಜ ಹಿಡಿದು ಅಲ್ಲಾಡಿಸಿದರು. "ಗಾಡಿ ತಿರುಗ್ಸು, ಬೇಗ. ಎಡಗಡೆ ಹೋಯ್ತು."

ಸುತ್ತು

ಸಂಜೆ ಕಡಲ ತೀರಕ್ಕೆ ಹೋದೆವು. ಅಲ್ಲಿ ಗಾಡಿ ನಿಲ್ಲಿಸಲು ಚೀಟಿ ಹರಿಯುತ್ತಿದ್ದರು. ಸಮುದ್ರಕ್ಕೇ ಟಿಕೆಟ್ ಇಲ್ಲ, ನಿಂತ ಗಾಡಿಗೆ ಯಾಕೆ ಕೊಡಬೇಕು ಅನ್ನುವುದು ಮೇಷ್ಟ್ರ ವಾದ. ಅವರು ನೀರಾಡಿ ಬರುವ ತನಕ ನಾನು ಗಾಡಿ ನಿಲ್ಲಿಸದೆ ಸುತ್ತಾಡುತ್ತಿರಬೇಕು ಅಂತ ತೀರ್ಮಾನವಾಯಿತು. ಡೀಸೆಲ್ಲು ಉರಿಯುತ್ತೆ ಅಂದೆ. ಮತ್ತೆ ಹದಿನೆಂಟರ ಸುದ್ದಿ ಬಂತು.

ಒಂದೂವರೆ ಗಂಟೆ ಆ ಊರಿನ ಓಣಿಗಳಲ್ಲಿ ಸುತ್ತಿದೆ. ಮನಸ್ಸಿನಲ್ಲಿ ಬೈದ ಬೈಗುಳ ಬರೆದಿದ್ದರೆ ನೂರಕ್ಕೆ ನೂರು ಬರುತ್ತಿತ್ತು. ದಾರಿಯಲ್ಲಿ ಒಬ್ಬ ಅಜ್ಜಿ ಅಂಗಳದ ತುಂಬ ಮೀನು ಒಣಗಲು ಹರವಿ ಕಾಯುತ್ತಾ ಕೂತಿದ್ದರು. ಮೊದಲ ಸಲ ಹೋದಾಗ ಸುಮ್ಮನೆ ನೋಡಿದರು. ಮೂರನೇ ಸಲ ಎದ್ದು ನಿಂತರು. ಆರನೇ ಸಲಕ್ಕೆ ಕೋಲು ಹಿಡಿದು ರಸ್ತೆಗೇ ಬಂದು ಅಡ್ಡ ನಿಂತರು. ನಾನು ಕಳ್ಳನಲ್ಲಮ್ಮ, ಪಾರ್ಕಿಂಗು ಉಳಿಸೋಕೆ ಸುತ್ತುತ್ತಿದ್ದೀನಿ ಅಂತ ಕೈ ಮುಗಿದೆ. ಅವರಿಗೆ ನಂಬಿಕೆ ಬರಲಿಲ್ಲ.

"ದೇವಸ್ಥಾನಕ್ಕೆ ಸುತ್ತು ಬಂದ್ರೆ ಪುಣ್ಯ ಆದ್ರೂ ಉಂಟು. ನನ್ನ ಒಣಮೀನಿಗೆ ಎಂತಕ್ಕೆ ಸುತ್ತು ಬರುವುದು ನೀವು?"

ಬಲೆ

ಮಾರನೆಯ ಬೆಳಿಗ್ಗೆ ನಡೆದದ್ದು ನೆನಪಾದರೆ ಈಗಲೂ ಮೈ ಬಿಸಿಯಾಗುತ್ತದೆ. ಅಲ್ಲಿ ದಡದಿಂದಲೇ ಬಲೆ ಎಳೆಯುತ್ತಾರೆ. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧ ಚಂದ್ರದ ಹಾಗೆ ಇಳಿಸಿ, ಎರಡು ತುದಿಯ ಹಗ್ಗ ದಡಕ್ಕೆ ತಂದು, ಎರಡು ಗುಂಪು ನಿಂತು ಸಮವಾಗಿ ಎಳೆಯಬೇಕು. ಯಾರು ಬೇಕಾದರೂ ಕೈ ಹಾಕಬಹುದು, ಕೊನೆಗೆ ಒಂದಿಷ್ಟು ಮೀನೂ ಕೊಡುತ್ತಾರೆ ಅಂತ ಮೇಷ್ಟ್ರ ಪಟ್ಟಿ ಹೇಳುತ್ತಿತ್ತು.

ನಮ್ಮವರನ್ನೆಲ್ಲ ಒಂದೇ ಹಗ್ಗಕ್ಕೆ ನಿಲ್ಲಿಸಿದರು. ನನ್ನನ್ನೂ ಸೇರಿಸಿದರು. ಆಚೆ ಹಗ್ಗದಲ್ಲಿ ವಯಸ್ಸಾದ ಆರು ಜನ ಮೀನುಗಾರರು. ಈಚೆ ಭತ್ತದ ಮೂಟೆ ಹೊತ್ತು, ಕಬ್ಬಿನ ಹೊರೆ ಎತ್ತಿ ಬೆಳೆದ ಮಂಡ್ಯದ ಮೈಗಳು. ಮೇಷ್ಟ್ರು ಡ್ರಿಲ್ಲಿನ ಹಾಗೆ ಒಂದು, ಎರಡು ಅಂತ ಕೂಗಿದರು, ನಾವು ಎಳೆದೆವು. ಸುಳ್ಳು ಯಾಕೆ ಹೇಳಲಿ, ಎರಡು ದಿನದ ಸಿಟ್ಟನ್ನೆಲ್ಲ ನಾನು ಆ ಹಗ್ಗದ ಮೇಲೆ ತೀರಿಸಿಕೊಂಡೆ. ಬಲೆಯ ಯಜಮಾನರು ನಿಧಾನ, ನಿಧಾನ ಅಂತ ಕೈ ಬೀಸುತ್ತಿದ್ದರು. ಅವರು ಹಾಗೇ ಹೇಳ್ತಾರೆ, ಎಳೀರಿ ಅಂದರು ಮೇಷ್ಟ್ರು. ಬಲೆ ಒಂದೇ ಕಡೆಗೆ ಸೊಟ್ಟಗೆ ಬಂತು, ಆಚೆ ಬದಿ ಬಾಯಿ ಬಿಟ್ಟುಕೊಂಡಿತು. ದಡ ಮುಟ್ಟಿದಾಗ ಅದರಲ್ಲಿದ್ದದ್ದು ಯಾರೂ ತಿನ್ನದ, ಲೋಳೆ ಲೋಳೆಯ ಅಂಬಲಿ ಮೀನು, ಕಸ, ಒಂದು ಎಡಗಾಲಿನ ಚಪ್ಪಲಿ.

ಯಜಮಾನರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೊತ್ತು ಏರುವ ಮೊದಲು ಬಲೆ ಶುದ್ಧ ಮಾಡಿ ಇನ್ನೊಂದು ಸಲ ಬಿಡದಿದ್ದರೆ ಈ ಬಲೆ ನಂಬಿದ ಅಷ್ಟೂ ಮನೆಗಳ ಇವತ್ತಿನ ದುಡಿಮೆ ಹೋದ ಹಾಗೆ ಅಂತಷ್ಟೇ ಹೇಳಿ ತಲೆಯ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡರು. ಆಗ ಮೇಷ್ಟ್ರು ಬಲೆಯೊಳಗೆ ಬಗ್ಗಿ ನೋಡಿ, ನಮ್ಮ ಪಾಲಿನ ಮೀನು ಎಲ್ಲಿ ಅಂತ ಕೇಳಿದರು.

ನಾನು ಸಹಿಸಿಕೊಂಡದ್ದು ಅಲ್ಲಿಯವರೆಗೆ. "ಮೀನು ಓಡೋಯ್ತು ಸಾ. ಓಡ್ಸಿದ್ದು ನೀವು."

ಜೀವನದಲ್ಲಿ ಮೊದಲ ಸಲ ಅವರೆದುರು ದನಿ ಏರಿಸಿದ್ದೆ. ಮೇಷ್ಟ್ರು ಕೆಂಪಗಾದರು. ನನ್ನ ಮಾರ್ಕ್ಸಿನ ಮಾತು ಬಾಯಿಗೆ ಬರುವಷ್ಟರಲ್ಲಿ ಅಕ್ಕ ಸೀರೆ ಎತ್ತಿ ಕಟ್ಟಿ ಬಲೆಯ ಪಕ್ಕ ಕೂತೇಬಿಟ್ಟಿದ್ದರು. "ಬ್ಯಾರೇರ ಕೆಲ್ಸ ಕೆಡ್ಸಿ ಅಂಗೇ ಎದ್ದೋಯ್ತಿದ್ದೀಯ? ಕೂತ್ಕೊಳ್ಲಾ. ಇದ್ನ ಬುಡ್ಸೇ ಮ್ಯಾಕೆ ಏಳೋದು."

ಎಲ್ಲರೂ ಕೂತೆವು. ಮೇಷ್ಟ್ರೂ ಕೂತರು, ಪಂಚೆ ಮೇಲೆತ್ತಿ, ಕನ್ನಡಕಕ್ಕೆ ಲೋಳೆ ಮೆತ್ತಿಕೊಂಡು. ಅರ್ಧ ಗಂಟೆಯಾಗುವಷ್ಟರಲ್ಲಿ ಬೆಂಗಳೂರಿನ ಒಂದು ಕಾರು ಬಂದು ನಿಂತಿತು. ಟೋಪಿ ಹಾಕಿಕೊಂಡ ನಾಲ್ಕು ಜನ ಇಳಿದರು. ಅವರಲ್ಲೊಬ್ಬಳು ಹುಡುಗಿ ಮೇಷ್ಟ್ರ ಮುಂದೆ ಫೋನು ಹಿಡಿದು, ಅಜ್ಜಾ, ಬಲೆ ಜೊತೆ ಒಂದು ಫೋಟೋ ತಗೋಬಹುದಾ, ಇದಕ್ಕೆ ದುಡ್ಡೇನೂ ಇಲ್ಲ ತಾನೆ ಅಂತ ಕೇಳಿದಳು.

ಮೇಷ್ಟ್ರು ನಿಧಾನವಾಗಿ ಎದ್ದು ನಿಂತರು. ಮೂವತ್ತು ವರ್ಷದ ಹಿಂದೆ ನಮ್ಮ ಕ್ಲಾಸಿನ ಬಾಗಿಲಲ್ಲಿ ನಿಲ್ಲುತ್ತಿದ್ದರಲ್ಲ, ಥೇಟ್ ಹಾಗೆ. "ಹೊಟ್ಟೆಪಾಡಿಗೆ ದುಡಿಯೋರನ್ನ ಪುಕ್ಕಟೆ ನೋಡ್ಕೊಂಡು ಹೋಗೋಕೆ ಬಂದಿದ್ದೀರಾ? ನಾಚಿಕೆ ಆಗಲ್ವಾ? ಫೋನು ಒಳಗಿಡಿ. ಕೂತ್ಕೊಂಡು ಆ ತುದಿ ಬಿಡಿಸಿ."

ನಾಲ್ವರೂ ಟೋಪಿ ತೆಗೆದು ತೆಪ್ಪಗೆ ಕೂತರು. ಆಮೇಲೆ ಬಂದ ಇನ್ನೊಂದು ಕಾರಿನವರನ್ನೂ ಕೂರಿಸಿದರು. ಹಗ್ಗದ ತುಂಡು ಕೈಯಲ್ಲಿ ಹಿಡಿದು ಸಾಲಿನ ಹಿಂದೆ ಓಡಾಡುತ್ತಾ, ಮಾತಾಡಿದವರನ್ನು ಗದರಿಸುತ್ತಾ, ಹತ್ತು ಗಂಟೆಯೊಳಗೆ ಬಲೆ ಚೊಕ್ಕ ಮಾಡಿಸಿ ದೋಣಿಗೆ ಹತ್ತಿಸಿದರು. ದೋಣಿ ನೀರಿಗೆ ಹೊರಟಿತು. ಯಜಮಾನರು ಆ ಬೆಳಿಗ್ಗೆ ಮೊದಲ ಸಲ ನಕ್ಕು ನನ್ನ ಹತ್ತಿರ ಬಂದರು.

"ಜನರಿಂದ ಹೀಗೆ ಕೆಲಸ ತೆಗೆಯುವವರು ನಮ್ಮಲ್ಲಿ ಒಬ್ಬರೂ ಇಲ್ಲ ಮಾರಾಯ್ರೆ. ಇವರನ್ನು ಇಲ್ಲಿಯೇ ಬಿಟ್ಟು ಹೋಗ್ತೀರಾ?"

ಬಿಟ್ಟು ಹೋಗ್ತೀನಿ ಅಂತ ನಾನು ಬಾಯಿ ತೆರೆದಿದ್ದೆ, ತಮಾಷೆಗಲ್ಲ. ಅಷ್ಟರಲ್ಲಿ ಅಕ್ಕ ನನ್ನ ತೋಳು ಹಿಡಿದುಕೊಂಡರು.

"ಬ್ಯಾಡ ಕಣಪ್ಪ. ಪಾಪ, ಆ ಜನ ನಮಗೇನು ಅನ್ಯಾಯ ಮಾಡವ್ರೆ?"