ಕೇಪಿನ ಕೋವಿಗೊಂದು ದುರ್ಬೀನು

ನಮ್ಮ ಮಾವನ ಕೋವಿಗೆ ಹೆದರದ ಪ್ರಾಣಿ ಹಳದೀಪುರದ ಸುತ್ತಮುತ್ತ ಯಾವುದೂ ಇಲ್ಲ. ಇದು ಮಾವ ಹೇಳುವ ಮಾತು. ಆ ಕೋವಿಗೆ ನಿಜವಾಗಿ ಹೆದರುವ ಪ್ರಾಣಿ ಒಂದೇ, ಅದು ಯಾವಾಗಲೂ ಕೋವಿಯ ಹಿಂಬದಿಗೆ ನಿಂತಿರುತ್ತದೆ. ಇದು ಅತ್ತೆ ಹೇಳುವ ಮಾತು. ಸೋದರಳಿಯನಾದ ನಾನು ಇಬ್ಬರ ಮನೆಯಲ್ಲೂ, ಅಂದರೆ ಒಂದೇ ಮನೆಯಲ್ಲಿ, ಉಂಡವನಾದ್ದರಿಂದ ತೀರ್ಪು ಕೊಡಲಾರೆ. ಮಾವ ಈಡು ಹೊಡೆದಾಗ ಈವರೆಗೆ ಪೆಟ್ಟಾದದ್ದು ಕೊಟ್ಟಿಗೆಯ ಹೆಂಚಿಗೆ ಮತ್ತು ಒಮ್ಮೆ ಬಚ್ಚಲ ಹಂಡೆಗೆ ಎಂದಷ್ಟೇ ಹೇಳಬಲ್ಲೆ.

ಅದು ಅಜ್ಜನ ಕಾಲದ ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ಸುರಿಯಬೇಕು, ತೆಂಗಿನ ನಾರು ತುರುಕಬೇಕು, ಸೀಸದ ಚರೆ ಹಾಕಬೇಕು, ಮತ್ತೆ ನಾರು ತುರುಕಿ ಸರಳಿನಿಂದ ಜಡಿಯಬೇಕು, ಕೊನೆಗೆ ಹಿಂಬದಿಯಲ್ಲಿ ಕಿಡಿ ಹಾರಿಸುವ ಕೇಪು ಕೂರಿಸಬೇಕು. ಇಷ್ಟಾಗುವ ಹೊತ್ತಿಗೆ ಗದ್ದೆಗೆ ಬಂದ ಹಂದಿ ಊಟ ಮುಗಿಸಿ, ಬಾಯಿ ಒರೆಸಿಕೊಂಡು, ಮಲಗಲು ಹೋಗಿರುತ್ತದೆ. ಬೆಳೆ ಕಾಯಲು ಕೊಟ್ಟ ಲೈಸೆನ್ಸು ಇದೆ, ನಿಜ. ಆದರೆ ಹಂದಿಯನ್ನು ಹೊಡೆದರೆ ಕಾಯ್ದೆ ಹಿಡಿಯುತ್ತದೆ, ಹೊಡೆಯದಿದ್ದರೆ ಹಂದಿ ಹಿಡಿಯುತ್ತದೆ! ಮಾವ ಈ ಎರಡರ ನಡುವೆ ತನ್ನದೇ ದಾರಿ ಹುಡುಕಿಕೊಂಡು ಮೊದಲಿನಿಂದಲೂ ಆಕಾಶಕ್ಕೇ ಈಡು ಹೊಡೆಯುತ್ತ ಬಂದಿದ್ದಾನೆ. ಆಕಾಶಕ್ಕೂ ಇನ್ನೂ ತಾಗಿಲ್ಲ.

ಇಂಥ ಕೋವಿಗೆ ಮಾವ ದುರ್ಬೀನು ಹಾಕಿಸಲು ಹೊರಟದ್ದು ಯಾಕೆ ಎಂದು ನೀವು ಕೇಳಬೇಕು. ಊರೆಲ್ಲ ಕೇಳಿತು.

ಮಾವನ ಮನೆ ಇರುವುದು ಗುಡ್ಡದ ಮೇಲೆ, ಗದ್ದೆ ಇರುವುದು ಕೆಳಗೆ. ನಡುವೆ ಚಿರೆಕಲ್ಲಿನ ಮೆಟ್ಟಿಲು. ಪ್ರಾಯದಲ್ಲಿ ತೆಂಗಿನ ಮರದಿಂದ ಬಿದ್ದು ಮೊಣಕಾಲು ಹಾಳಾದ ಮೇಲೆ ಮಾವ ಆ ಮೆಟ್ಟಿಲು ಇಳಿದದ್ದಿಲ್ಲ. ಭತ್ತ ಕೊಯ್ದ ಮೇಲೆ ಆ ಗದ್ದೆಯಲ್ಲಿ ಗೆಣಸು ಹಾಕುವುದು, ಮುಚ್ಚಂಜೆ ಹೊತ್ತಿಗೆ ಎಣ್ಣೆ ಡಬ್ಬಿ ಬಡಿದು ಹಂದಿ ಓಡಿಸುವುದು, ಎಲ್ಲ ಅತ್ತೆಯ ಕೆಲಸ. ಹೋದ ವರ್ಷ ಗೆಣಸಿನ ಕಾಲದಲ್ಲಿ ಒಂದು ಒಂಟಿ ಹಂದಿ ಡಬ್ಬಿಯ ಸದ್ದಿಗೆ ಕ್ಯಾರೇ ಅನ್ನದೆ ನೇರ ನುಗ್ಗಿ ಬಂದು ಅತ್ತೆಯನ್ನು ಬದುವಿನಿಂದ ಕೆಡವಿತು. ಕೈ ಮುರಿಯಿತು. ಗದ್ದೆಯ ಮಣ್ಣಿನಲ್ಲಿ ಬಿದ್ದಿದ್ದ ಅತ್ತೆಯನ್ನು ಪಕ್ಕದ ಮನೆಯವರು ಹೊತ್ತು ತರುವ ತನಕ ಜಗಲಿಯ ಮೇಲಿದ್ದ ಮಾವನಿಗೆ ಏನೂ ಗೊತ್ತಾಗಿರಲಿಲ್ಲ.

ಕೈಗೆ ಹಾಕಿದ ಪ್ಲಾಸ್ಟರು ಬಿಚ್ಚುವ ಮೊದಲೇ ಅತ್ತೆ ಈ ವರ್ಷದ ಗೆಣಸಿನ ಬಳ್ಳಿಯ ಮಾತು ತೆಗೆದಳು. ಮಾವ ಬೇಡ ಎಂದ. "ಹಂದಿಗೆ ಹೆದ್ರಿ ಗದ್ದೆ ಪಾಳು ಬಿಡೂಕೆ ಆತದಾ?" ಎಂದಳು ಅತ್ತೆ. ಅವಳು ಹಾಗೆ ಕೇಳಿದರೆ ಉತ್ತರ ಬೇಕಿಲ್ಲ ಎಂದು ಅರ್ಥ. ಮೂರನೆಯ ದಿನ ಮಾವ ನನಗೆ ಫೋನು ಮಾಡಿದ. "ತಮಾ, ಆ ಹಂದಿದೂ ನಂದೂ ಒಂದು ಬಾಕಿ ಅದೆ. ದುರ್ಬೀನು ಬೇಕು. ಭಾನುವಾರ ಗಾಡಿ ತಗಂಡು ಬಾ."

ನಾನು ಕುಮಟೆಯಲ್ಲಿ ಮೇಷ್ಟ್ರು. ಬೈಕು ಇದೆ, ಇಂಗ್ಲಿಷು ಓದಲು ಬರುತ್ತದೆ. ಮಾವನ ದುರ್ಬೀನು ಸಂಪುಟದಲ್ಲಿ ಸಾರಿಗೆ ಮತ್ತು ಇಂಗ್ಲಿಷು ಎರಡೂ ಖಾತೆ ನನಗೇ ಬಂತು.

ಕತೆ ಮುಂದುವರಿಸುವ ಮೊದಲು ಮಾವನ ಒಂದು ಅಭ್ಯಾಸ ಹೇಳಬೇಕು. ಅವನು ಯಾರನ್ನೂ ಹೆಸರಿನಿಂದ ಕರೆಯುವವನಲ್ಲ. ಎಲ್ಲರಿಗೂ "ಹೋಯ್". ದನಕ್ಕೆ ಹೋಯ್, ಬಸ್ಸಿನ ಕಂಡಕ್ಟರಿಗೆ ಹೋಯ್, ಆಚೆಮನೆಯ ಅಣ್ಣನಿಗೆ ಹೋಯ್. ಅತ್ತೆಗೂ ಲಗ್ನವಾದಂದಿನಿಂದ ಇದೇ ಹೋಯ್. ಹೆಂಡತಿಯ ಹೆಸರು ಹಿಡಿದು ಕೂಗುವುದು ಆ ಕಾಲದವರಿಗೆ ಜಗಲಿಯಲ್ಲಿ ಬನಿಯನ್ನು ಬಿಚ್ಚಿ ಕುಣಿದಷ್ಟು ನಾಚಿಕೆಯ ಕೆಲಸ. ಒಂದೇ ಕೂಗಿಗೆ ದನ, ಅಣ್ಣ ಎಲ್ಲ ತಿರುಗುವುದರಿಂದ ಅತ್ತೆ ತಿರುಗುವುದನ್ನೇ ಬಿಟ್ಟಿದ್ದಳು. "ನಾನೇ ಬೇಕಾದ್ರೆ ಎದುರಿಗೆ ಬಂದು ನಿಲ್ತ್ರು" ಎನ್ನುವುದು ಅವಳ ಲೆಕ್ಕ.

ಇರಲಿ, ದುರ್ಬೀನು. ಮಾವ ಮೊದಲು ವಿದ್ಯಾಭ್ಯಾಸಕ್ಕೆ ಇಳಿದ. ಫೋನಿನಲ್ಲಿ ವಿಲಾಯತಿ ಬೇಟೆಗಾರರ ವಿಡಿಯೋ ಇಡೀ ದಿನ. ಹಿಮ ತುಂಬಿದ ಗುಡ್ಡ, ಗಡ್ಡದವನೊಬ್ಬ ಹೊಟ್ಟೆಯ ಮೇಲೆ ಮಲಗಿ ದುರ್ಬೀನಿನಲ್ಲಿ ನೋಡುತ್ತಾನೆ, ಎದುರಿನ ಗುಡ್ಡದ ಕಡವೆ ಉರುಳುತ್ತದೆ. ಮಾವನಿಗೆ ಇಂಗ್ಲಿಷು ಬಾರದು. ಆದರೂ ಎಷ್ಟು ಪಟ್ಟು ದೊಡ್ಡದು ಕಾಣಬೇಕು, ಮುಂದಿನ ಗಾಜು ಎಷ್ಟು ಅಗಲ ಇದ್ದರೆ ಬೆಳಕು ಹೆಚ್ಚು, ಗಾಜಿನ ಒಳಗಿನ ಅಡ್ಡಗೆರೆ ಉದ್ದಗೆರೆ ಎಂಥದಿರಬೇಕು ಎಲ್ಲವನ್ನೂ ಕಲಿತ. ಒಂದು ದಿನ ಅಭ್ಯಾಸಕ್ಕೆಂದು ತಾನೂ ಜಗಲಿಯಲ್ಲಿ ಹೊಟ್ಟೆಯ ಮೇಲೆ ಮಲಗಿದ. ಮಲಗುವುದನ್ನು ಗಡ್ಡದವನು ಕಲಿಸಿದ್ದ, ಏಳುವುದನ್ನು ಕಲಿಸಿರಲಿಲ್ಲ. ನಾನು ಹೋದಾಗ ಅತ್ತೆ ಅವನ ಪಕ್ಕ ಕೂತು ನಿಶ್ಚಿಂತೆಯಿಂದ ಬಸಳೆ ಸೋಸುತ್ತಿದ್ದಳು. "ನೀ ಬತ್ತೆ ಅಂತ ಗೊತ್ತಿತ್ತಲ, ಅದ್ಕೆ ಹಾಗೇ ಬಿಟ್ಟೆ" ಎಂದಳು.

ಮೊದಲ ದುರ್ಬೀನನ್ನು ನಾನೇ ಫೋನಿನಲ್ಲಿ ಆರ್ಡರು ಮಾಡಿದೆ. ಬಂತು. ಮಾವ ಅದನ್ನು ಹಿಡಿದು ಗುಡ್ಡದ ಆ ತುದಿಗೆ ಹೋಗಿ ಹೈವೇಯ ಕಡೆ ನೋಡಿದ. ಕುಮಟೆ ಕಡೆಯ ಬಸ್ಸೊಂದು ಹೋಯಿತು. ಹೊನ್ನಾವರ ಕಡೆಯ ಬಸ್ಸೊಂದು ಹೋಯಿತು. ಮಾವ ತಲೆ ಅಲ್ಲಾಡಿಸಿದ.

"ಬಸ್ಸಿನ ಬೋರ್ಡು ಕಾಣೂದಿಲ್ಲ. ಈ ದುರ್ಬೀನಿಗೆ ಹಂದಿ ಎಂತ ಕಾಣೂದು?"

"ಹಂದಿ ಬೋರ್ಡು ಹಾಕ್ಕಂಡು ಬರೂದಿಲ್ಲಲ ಮಾವ."

"ಮುಖ ಕಾಣ್ಬೇಕು ತಮಾ. ಮುಖ ಕಂಡ್ರೆ ಮಾತ್ರ ದುರ್ಬೀನು."

ಹಂದಿಯ ಮುಖ ನೋಡಿ ಏನು ಗುರುತು ಹಿಡಿಯುತ್ತಾನೆ? ಆಸಾಮಿ ಇವನೇ ಎಂದು ಠಾಣೆಯಲ್ಲಿ ಸಾಕ್ಷಿ ಹೇಳಬೇಕೇ? ದುರ್ಬೀನು ವಾಪಸು ಹೋಯಿತು.

ಎರಡನೆಯದಕ್ಕೆ ಭಟ್ಕಳಕ್ಕೆ ಹೋದೆವು. ಅಲ್ಲಿಯ ಪೇಟೆಯಲ್ಲಿ ದುಬೈ ಸಾಮಾನು ಮಾರುವ ಒಬ್ಬ ಸಾಹೇಬರಿದ್ದಾರೆ, ಸೂಜಿಯಿಂದ ಹಿಡಿದು ಸೋಫಾದವರೆಗೆ ಅವರ ಹತ್ತಿರ ಇಲ್ಲ ಎನ್ನುವುದಿಲ್ಲ. ಮನೆಯವರೊಡನೆ ನವಾಯತಿ ಮಾತು, ನಮ್ಮೊಡನೆ ನಮ್ಮದೇ ಕನ್ನಡ. ಅವರು ಗಾಜಿನ ಮೇಜಿನ ಮೇಲೆ ಮೂರ್ನಾಲ್ಕು ದುರ್ಬೀನು ಸಾಲಾಗಿ ಇಟ್ಟು ವಿಚಾರಣೆ ಶುರುಮಾಡಿದರು.

"ಎಷ್ಟು ದೂರಕ್ಕೆ ಬೇಕು ನಿಮಗೆ?"

"ಜಗಲಿಯಿಂದ ಗದ್ದೆಗೆ. ಮುನ್ನೂರು ಮಾರು ಆದೀತು."

"ಕೋವಿ ಯಾವ್ದು?"

"ಕೇಪಿಂದು."

ಸಾಹೇಬರು ಕನ್ನಡಕ ತೆಗೆದರು. "ಅದ್ರ ಚರೆ ಮೂವತ್ತು ಮಾರಿಗೇ ಸುಸ್ತಾಗಿ ಕೂತ್ಕಳ್ತದಲ್ರೀ!"

ಮಾವನಿಗೆ ಒಂದಿನಿತೂ ಅಳುಕಿಲ್ಲ. "ಚರೆ ಮುಟ್ಟೂದು ಬ್ಯಾಡ ಸಾಹೇಬ್ರೆ. ಕಣ್ಣು ಮುಟ್ಟಿದ್ರೆ ಸಾಕು. ಮತ್ತೊಂದು, ಮುಚ್ಚಂಜೆಗೆ ಕಾಣ್ಬೇಕು. ನಡು ಮಧ್ಯಾಹ್ನ ಕಾಣೂದು ಯಾರಿಗೆ ಬೇಕು?"

ನಾನು ಮುಖ ತಿರುಗಿಸಿ ನಗು ನುಂಗಿದೆ. ಸಾಹೇಬರು ಮಾತ್ರ ನಗಲಿಲ್ಲ. ಮಾವನನ್ನೇ ಸ್ವಲ್ಪ ಹೊತ್ತು ನೋಡಿ, ಮೇಜಿನ ಮೇಲಿದ್ದದ್ದನ್ನೆಲ್ಲ ಬದಿಗೆ ಸರಿಸಿ, ಒಳಗಿನಿಂದ ಒಂದು ದಪ್ಪ ಗಾಜಿನದನ್ನು ತಂದು ಕೊಟ್ಟರು. "ಮಗ್ರಿಬ್ ಬಾಂಗ್ ಆಗ್ವ ತನಕ ಕೂತ್ಕಣಿ. ಆ ಹೊತ್ತಿನ ಬೆಳಕಲ್ಲಿ ನೋಡಿ, ಕಂಡ್ರೆ ತಗಣಿ." ಸೂರ್ಯ ಮುಳುಗುವ ತನಕ ಚಹಾ ಕುಡಿಯುತ್ತ ಕೂತೆವು. ಮಸೀದಿಯಲ್ಲಿ ಬಾಂಗ್ ಆಯಿತು, ಮಾವ ಅಂಗಡಿಯ ಬಾಗಿಲಿನಿಂದ ಬೀದಿಯ ಆ ತುದಿಗೆ ದುರ್ಬೀನು ಹಿಡಿದ. ಅಲ್ಲಿ ಒಬ್ಬ ಹೆಂಗಸು ಮಲ್ಲಿಗೆ ದಂಡೆ ಮಾರುತ್ತಿದ್ದಳು. "ಮೂಗುತಿ ಕಂಡ್ತು" ಎಂದ ಮಾವ. ಆಯ್ಕೆ ಮುಗಿಯಿತು.

ತಂದ ವಾರವೇ ಆಯುಧ ಪೂಜೆ ಬಂತು. ಕತ್ತಿ, ಗುದ್ದಲಿ, ಕೋವಿ, ನನ್ನ ಬೈಕು, ಮಿಕ್ಸರು ಎಲ್ಲದರ ಜೊತೆ ದುರ್ಬೀನನ್ನೂ ಮಣೆಯ ಮೇಲೆ ಇಟ್ಟರು. ಹೊಸ ಆಯುಧ ನೋಡಿ, ಅತ್ತೆಯ ಭಕ್ತಿ ಜಾಸ್ತಿಯಾಯಿತು. ಆಯುಧಕ್ಕೆ ಕುಂಕುಮ ಹಚ್ಚುವುದು ಅದರ ಹಣೆಗೆ. ದುರ್ಬೀನಿನ ಹಣೆ ಯಾವುದು? ಎರಡೂ ಕಡೆ ಗಾಜು ಹೊಳೆಯುತ್ತಿತ್ತು, ಅತ್ತೆ ಎರಡೂ ಕಡೆಯ ಗಾಜಿಗೆ ಗಂಧ ಬಳಿದು, ಮೇಲೆ ದಪ್ಪಗೆ ಕುಂಕುಮ ಇಟ್ಟಳು. ಪೂಜೆ ಮುಗಿದ ಮೇಲೆ ಮಾವ ಅದನ್ನು ಕಣ್ಣಿಗೆ ಹಿಡಿದು ಬಹಳ ಹೊತ್ತು ನೋಡಿದ. "ಎಂಥಾ ಸೂರ್ಯಾಸ್ತ ತಮಾ! ಮುರ್ಡೇಶ್ವರದಲ್ಲೂ ಹೀಂಗೆ ಕಾಣೂದಿಲ್ಲ" ಎಂದ. ಆಗ ಬೆಳಿಗ್ಗೆ ಹನ್ನೊಂದು ಗಂಟೆ. ಪಂಚೆಯ ತುದಿಯಿಂದ ಎಷ್ಟು ಒರೆಸಿದರೂ ಅಂಚಿನಲ್ಲಿ ಒಂದು ಕೆಂಪು ಕಲೆ ಉಳಿದೇಹೋಯಿತು.

ಇನ್ನು ಕೋವಿಗೆ ಅದನ್ನು ಕೂರಿಸುವ ಕೆಲಸ. ಕಬ್ಬಿಣದ ಕೆಲಸದ ಆಚಾರಿ ಆಗದು ಎಂದ. ನೀರಿನ ಪೈಪಿಗೆ ಹಾಕುವ ಕ್ಲಾಂಪು ತಂದು ನೋಡಿದ್ದಾಯಿತು, ತೆಂಗಿನ ಹುರಿ ಸುತ್ತಿ ನೋಡಿದ್ದಾಯಿತು. ಅಷ್ಟರಲ್ಲಿ ಪಂಚಾಯತಿ ಚುನಾವಣೆ ಬಂತು. ಚುನಾವಣೆ ಬಂದರೆ ಲೈಸೆನ್ಸಿನವರೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು. ಮಾವ ಅದನ್ನು ಹೊಸ ಟವೆಲಿನಲ್ಲಿ ಸುತ್ತಿ, ಮಗಳನ್ನು ಗಂಡನ ಮನೆಗೆ ಕಳಿಸುವವನ ಮುಖ ಮಾಡಿಕೊಂಡು ಹೊನ್ನಾವರಕ್ಕೆ ಹೋಗಿ ಕೊಟ್ಟು ಬಂದ. ದುರ್ಬೀನು ಮನೆಯಲ್ಲೇ ಉಳಿಯಿತು. ಗದ್ದೆಯಲ್ಲಿ ಗೆಣಸು ಬಲಿಯುತ್ತಿತ್ತು. ಕೋವಿ ಇಲ್ಲದ ದುರ್ಬೀನನ್ನು ಊರಿನವರು ಬಿಟ್ಟಾರೆಯೇ? ಆಚೆಮನೆಯ ಅಣ್ಣ ದಿನಾ ಬೇಲಿಯ ಹತ್ತಿರ ನಿಂತು, "ಹಂದಿಗೆ ನಂಬರು ಎಷ್ಟರ ಚಷ್ಮಾ ಬೇಕು ಅಂತ ನೋಡಿ ಹೇಳೂಕಾ?" ಎಂದು ಕೇಳುತ್ತಿದ್ದ. ಮಾವನ ಧೈರ್ಯ ಕೂದಲೆಳೆಯಷ್ಟೂ ಕುಗ್ಗಲಿಲ್ಲ. "ಕೋವಿ ಇಲ್ದಿದ್ರೆ ಎಂತಾತು? ದುರ್ಬೀನು ಅದ್ಯಲ!"

ಆ ಭಾನುವಾರ ನಾನೂ ಅಲ್ಲೇ ಇದ್ದೆ. ಮುಚ್ಚಂಜೆ ಹೊತ್ತು. ಅತ್ತೆ ಡಬ್ಬಿ ಹಿಡಿದು ಮೆಟ್ಟಿಲಿಳಿದು ಹೋದಳು. ಮಾವ ಜಗಲಿಯ ಕಟ್ಟೆಯ ಮೇಲೆ ಕಂಬಳಿ ಮಡಚಿ ಇಟ್ಟು, ಅದರ ಮೇಲೆ ದುರ್ಬೀನು ಊರಿ, ನನಗೆ ವರದಿ ಒಪ್ಪಿಸತೊಡಗಿದ. ಮೆಟ್ಟಿಲು ಇಳಿದ್ಲು. ಬದು ಹತ್ತಿದ್ಲು. ಸೆರಗು ಸೊಂಟಕ್ಕೆ ಸಿಕ್ಸ್ಕಂಡ್ಲು. ಚಹಾ ಕುಡಿಯುತ್ತಿದ್ದ ನನಗೆ ಆಗಲೂ ಹೊಳೆಯಲಿಲ್ಲ ನೋಡಿ, ವರದಿಯಲ್ಲಿ ಹಂದಿಯೇ ಇಲ್ಲ ಎನ್ನುವುದು.

ಮಾವನ ಮಾತು ನಿಂತಿತು. ನಾನು ತಲೆ ಎತ್ತಿದೆ. ಬರಿಗಣ್ಣಿಗೆ ಕೆಳಗೆ ಅತ್ತೆಯ ಸೀರೆ ಒಂದು ಚುಕ್ಕೆ, ಅಷ್ಟೇ.

"ಹೋಯ್!" ಎಂದು ಕೂಗಿದ ಮಾವ. ಅತ್ತೆ ತಿರುಗಲಿಲ್ಲ.

"ಹೋಯ್! ಹೋಯ್!" ಆಚೆಮನೆಯ ಅಣ್ಣ "ಎಂತದೋ?" ಎಂದ. ಕೊಟ್ಟಿಗೆಯ ದನ ಅಂಬಾ ಎಂದಿತು. ಅತ್ತೆ ಬೆನ್ನು ಹಾಕಿಕೊಂಡೇ ಬದುವಿನ ತುದಿಗೆ ನಡೆದಳು.

ಮಾವ ಎದ್ದು ನಿಂತ. ಕೈ ಕಟ್ಟೆಗೆ ಊರಿ, ಕತ್ತಿನ ನರ ಉಬ್ಬಿಸಿ, ಇಡೀ ಹಳದೀಪುರಕ್ಕೆ ಕೇಳುವಂತೆ ಕೂಗಿದ.

"ದೇವಕೀ... ಹಿಂದೆ ಬಾ! ದೇವಕೀ!"

ಅತ್ತೆ ನಿಂತಲ್ಲೇ ತಿರುಗಿದಳು. ಕೈಯಲ್ಲಿದ್ದ ಡಬ್ಬಿ ಕಲ್ಲಿನ ಮೇಲೆ ಬಿದ್ದ ಸದ್ದು ಗುಡ್ಡದ ಮೇಲಿನವರೆಗೂ ಬಂತು. ಬದುವಿನಾಚೆಯ ಪೊದೆಯಿಂದ ಒಂದು ಕಪ್ಪು ಆಕಾರ ಹಾರಿ ಹೊರಬಂದು ಗದ್ದೆಗೆ ಅಡ್ಡಲಾಗಿ ಓಡಿತು. ಅತ್ತೆ ಮೆಟ್ಟಿಲಿನ ಕಡೆ ಓಡಿ ಬಂದಳು. ಇತ್ತ ಮಾವ ಎಲ್ಲಿ? ಜಗಲಿಯಲ್ಲಿಲ್ಲ. ಮೊಣಕಾಲು ಮಡಚಲು ಬಾರದವನು ಕೂತುಕೊಂಡೇ ಒಂದೊಂದು ಚಿರೆಕಲ್ಲು ಜಾರುತ್ತ ಮೆಟ್ಟಿಲು ಇಳಿಯುತ್ತಿದ್ದ. ನಡುದಾರಿಯಲ್ಲಿ ಇಬ್ಬರೂ ಎದುರಾದರು.

"ಯಾರು ಕರ್ದದ್ದು?" ಎಂದಳು ಅತ್ತೆ, ಏದುಸಿರು ಬಿಡುತ್ತ.

"ಗೊತ್ತಿಲ್ಲ. ಯಾರೋ ಕರ್ದಂಗಾತು" ಎಂದ ಮಾವ.

ಚುನಾವಣೆ ಮುಗಿದು ಕೋವಿ ಮನೆಗೆ ಬಂದ ಮೇಲೆ, ದುರ್ಬೀನು ಕೂರಿಸುವುದು ಯಾವಾಗ ಎಂದು ಕೇಳಿದೆ. ಮಾವ ನನ್ನನ್ನು ಪೆದ್ದನನ್ನು ನೋಡುವಂತೆ ನೋಡಿದ. "ಮೂವತ್ತು ಮಾರು ಹೋಗೂ ಕೋವಿಗೆ ದುರ್ಬೀನು ಎಂತಕ್ಕೆ ಮಾರಾಯ? ಹೋದ್ವರ್ಷ ಅವಳು ಅಲ್ಲಿ ಬಿದ್ಕಂಡಿದ್ದಾಗ ನಾ ಇಲ್ಲಿ ಕೂತು ಚಹಾ ಕುಡೀತಿದ್ದೆ." ಅಷ್ಟು ಹೇಳಿ ಪಂಚೆಯ ತುದಿಯಿಂದ ಗಾಜು ಒರೆಸತೊಡಗಿದ. ಕುಂಕುಮದ ಕಲೆ ಇದ್ದ ಅಂಚನ್ನು ಬಿಟ್ಟು ಒರೆಸುತ್ತಿದ್ದ. ವರ್ಷವಿಡೀ ಇವನನ್ನು ನೋಡಿ ನಕ್ಕ ನಾನು ನನ್ನ ಕರವಸ್ತ್ರ ತೆಗೆದು ಅವನ ಕೈಗೆ ಕೊಟ್ಟೆ.

ಗೆಣಸು ಕೀಳುವಾಗ ಅತ್ತೆಗೆ ನೆರವಾಗಲು ಹೋಗಿದ್ದೆ. ಗದ್ದೆಯೆಲ್ಲ ಅಗೆದು ಮುಗಿದ ಮೇಲೂ ಪೊದೆಯ ಬದಿಯ ಒಂದು ಸಾಲು ಹಾಗೇ ಇತ್ತು. ಮರೆತಳೇನೋ ಎಂದು ಗುದ್ದಲಿ ಎತ್ತಿದೆ.

"ಅದು ಬ್ಯಾಡ ತಮಾ, ಅದು ಹಂದಿಗೆ ಬಿಟ್ಟದ್ದು" ಎಂದಳು ಅತ್ತೆ. ನನ್ನ ಮುಖ ನೋಡಿ ಸ್ವಲ್ಪ ನಾಚಿ, ಸೆರಗಿನಿಂದ ಕೈಯ ಮಣ್ಣು ಒರೆಸಿಕೊಂಡಳು. "ಲಗ್ನ ಆಗಿ ಇಷ್ಟು ವರ್ಷ ಆತು. ನನ್ನ ಹೆಸ್ರು ಅವ್ರಿಗೆ ಗೊತ್ತದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ತಿನ್ಲಿ ಬಿಡು ಪಾಪ, ಒಂದು ಸಾಲು."